ಎರಡು ಗೋದಾವರಿ, ಒಂದೇ ನೌಕರಿ

ಹೆಡ್ಮಾಸ್ತರರು ಪತ್ರಿಕೆಯನ್ನು ಮಡಚಿ ನನ್ನ ಮೂಗಿನ ಮುಂದೆ ಹಿಡಿದಾಗ, ನನ್ನನ್ನು ಕೆಲಸದಿಂದ ತೆಗೆದ ಸುದ್ದಿ ಅಚ್ಚಾಗುವ ಮಟ್ಟಕ್ಕೂ ಹೋಯಿತೇ ಎಂದು ನಾನು ಹೆದರಿದೆ. ನೋಡಿದರೆ ಅದು ಹಡಗಿನ ಚಿತ್ರ. ಸೊಲ್ಲಾಪುರದಿಂದ ಉದಗೀರಕ್ಕೆ ಬರುವಷ್ಟರಲ್ಲಿ ಹಳೆಯದಾಗಿಬಿಡುತ್ತಿದ್ದ ಮರಾಠಿ ಪತ್ರಿಕೆ. ಮಸಿ ಹರಡಿ, ಹಡಗೋ ಕೆರೆಯಲ್ಲಿ ಬಿದ್ದ ಎಮ್ಮೆಯೋ ಗೊತ್ತಾಗುವಂತಿರಲಿಲ್ಲ.

"ಮಾಸ್ತರ್ರ, ಇದು ಗೋದಾವರಿ. ಇಂಗ್ಲಂಡದಿಂದ ಬಂದದ. ನಮ್ಮ ಸರ್ಕಾರದ ಲಡಾಯಿ ಜಹಾಜ," ಎಂದರು.

"ಛಲೋ ಆತ್ರಿ ಸಾಹೇಬ್ರ."

"ಬರೇ ಛಲೋ ಆತ್ರಿ ಅಂದ್ರ ಆಗಂಗಿಲ್ಲ. ನಿಲಂಗಾದಾಗ ಎಲ್ಲಾ ಸಾಲಿಗಳ ಪ್ರದರ್ಶನ ಅದ. ಎಲ್ಲಾರೂ ಚರಕಾ ತರ್ತಾರ. ನಾವು ಜಹಾಜ ಒಯ್ಯೋಣು. ನೀರಾಗ ತೇಲೋ ಜಹಾಜ. ಹಳೇ ಗೋದಾವರಿ ಒಂದು, ಹೊಸಾ ಗೋದಾವರಿ ಒಂದು. ನಮ್ಮ ಮಾಂಜ್ರಾ ಹೊಳಿ ನೀರು ಎಲ್ಲಿಗಿ ಹೋಗ್ತದ ಹೇಳ್ರಿ? ಗೋದಾವರಿಗಿ. ಅಂದಮ್ಯಾಲ ಜಹಾಜ ನಮ್ದೇ ಆತಿಲ್ಲೋ?"

"ಹಳೇದೂ ಒಂದು ಇತ್ತೇನ್ರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿಮ್ಮ ಸಾಡೂ ಅದರ ಮ್ಯಾಲೇ ಇದ್ದನಲ್ರಿ ಮಾರಾಯ್ರ!"

ಗೊತ್ತಿತ್ತು. ಗೊತ್ತಿಲ್ಲದವರು ಉದಗೀರದಿಂದ ಉಮರ್ಗಾದವರೆಗೆ ಯಾರೂ ಇರಲಿಲ್ಲ. ಸಾಡೂನ ಹೆಸರು ಇನ್ನೊಬ್ಬರ ಬಾಯಿಂದ ಬರಲಿ, ನನ್ನ ಬಾಯಿಂದ ಬೇಡ ಎಂದಷ್ಟೇ ಕೇಳಿದ್ದೆ.

ಸಾಡೂ ಎಂದರೆ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ದಾಳಿಂಬದ ಒಕ್ಕಲು ಮನೆತನದವನು. ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬೈಗೆ ಓಡಿಹೋಗಿ, ಯುದ್ಧಕಾಲದಲ್ಲಿ ನೌಕಾದಳ ಸೇರಿ, ದೇಶ ಎರಡಾದಾಗ ಊರಿಗೆ ಮರಳಿದ್ದ. ಮರಳಿದವನಿಗೆ ನಮ್ಮ ಮಾವ ಕಿರಿಯ ಮಗಳನ್ನು ಕೊಟ್ಟರು, ನಮ್ಮ ಶಾಲೆ ಕವಾಯತಿನ ಮಾಸ್ತರಿಕೆ ಕೊಟ್ಟಿತು. ನಾನು ಅದೇ ಶಾಲೆಯ ಚಿತ್ರಕಲೆಯ ಮಾಸ್ತರ. ಆ ಮನೆಯ ಹಿರಿಯ ಅಳಿಯ. ಉಮರ್ಗಾದಲ್ಲಿ ಮಾವನವರದು ಬಟ್ಟೆಯ ವ್ಯಾಪಾರ. ಹಬ್ಬಕ್ಕೆ ಹೋದಾಗ ನನ್ನ ಹೋಳಿಗೆಯ ಮೇಲೆ ಚಮಚದಿಂದ ತುಪ್ಪ ಹಾಕುತ್ತಿದ್ದ ಅತ್ತೆ, ಅವನ ಹೋಳಿಗೆಯ ಮೇಲೆ ಗಿಂಡಿಯನ್ನೇ ಬಗ್ಗಿಸುತ್ತಿದ್ದರು. ನೆಲ ಇನ್ನೂ ತೂಗುತ್ತಿದೆಯೋ ಎಂಬಂತೆ ಅವನು ಕಾಲು ಅಗಲಿಸಿ ನಡೆಯುತ್ತಿದ್ದ. ಓಣಿಯ ಹೆಂಗಸರೆಲ್ಲ ಅದೊಂದು ಗತ್ತು ಎನ್ನುತ್ತಿದ್ದರು. ಮೂಲವ್ಯಾಧಿ ಎದ್ದಾಗ ನಾನೂ ಹಾಗೆಯೇ ನಡೆದಿದ್ದೇನೆ, ಯಾರೂ ಹೊಗಳಿದ್ದು ನೆನಪಿಲ್ಲ.

ಅದೇ ಸುಮಾರಿಗೆ ಬೀದರದ ವಿದ್ಯಾ ಇಲಾಖೆಯ ಕಚೇರಿಯಿಂದ ಇನ್ನೊಂದು ಮಾತೂ ಬಂದಿತ್ತು. ನಮ್ಮಂಥ ಶಾಲೆಗೆ ಚಿತ್ರಕ್ಕೊಬ್ಬ, ಕವಾಯತಿಗೊಬ್ಬ ಬೇಕಿಲ್ಲ. ಎರಡೂ ಕೆಲಸಕ್ಕೆ ಸೇರಿ ಒಬ್ಬನೇ ಕಾಯಂ ಮಾಸ್ತರ. ನಿಜಾಮರ ಕಾಲದ ಉರ್ದು ಸರ್ಟಿಫಿಕೇಟು ಹಿಡಿದ ನಾನೂ ಹಂಗಾಮಿ, ಸರ್ಟಿಫಿಕೇಟೇ ಇಲ್ಲದ ಅವನೂ ಹಂಗಾಮಿ. ಯಾರು ಉಳಿಯಬೇಕೆಂಬುದನ್ನು ನಿಲಂಗಾಕ್ಕೆ ಬರುವ ಇನ್‌ಸ್ಪೆಕ್ಟರ್ ಸಾಹೇಬರು ಪ್ರದರ್ಶನ ನೋಡಿ ಗೊತ್ತುಮಾಡುವರಂತೆ. ಹೆಡ್ಮಾಸ್ತರರ ಏರ್ಪಾಡಿನಲ್ಲಿ ಹಡಗು ಕಟ್ಟುವವನು ನಾನು, ಅದರ ಮುಂದೆ ಎದೆ ಉಬ್ಬಿಸಿ ನಿಂತು ಹೇಳುವವನು ಅವನು.

"ನಂದೇ ಹೋಗ್ತದ ನೋಡು ನೌಕರಿ," ಎಂದೆ ಹೆಂಡತಿಗೆ.

"ನೀವು ಮಳಿ ಬಂದ್ರೂ ನನ್ನ ಒಬ್ಬನ ಮ್ಯಾಲೇ ಬಂತು ಅಂತೀರಿ," ಎಂದಳು ಆಕೆ ರೊಟ್ಟಿ ಬಡಿಯುತ್ತ. "ನಿಮ್ದು ಹೋದ್ರ ನಾ ಉಪಾಸ. ಅಂವಂದು ಹೋದ್ರ ನನ್ನ ತಂಗಿ ಉಪಾಸ. ನಾ ಏನಂತ ದೇವ್ರಿಗಿ ಕೈ ಮುಗೀಲಿ, ನೀವೇ ಹೇಳ್ರಿ."

ನನ್ನ ಹೆಸರು ಹೇಳಿ ಕೈ ಮುಗಿ ಎನ್ನಬಹುದಿತ್ತು. ಆಕೆ ಹೇಗಿದ್ದರೂ ಇಬ್ಬರ ಹೆಸರೂ ಹೇಳುವವಳು.

ಮರದ ಕೆಲಸ ನನಗೆ ಬಾರದು. ಬರುವುದು ಬೆಂಡಿನ ಕೆಲಸ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮಕ್ಕಳೆಲ್ಲ ಜೋಳದ ದಂಟು ಸುಲಿದು, ಒಳಗಿನ ಬಿಳಿಯ ಬೆಂಡಿನಿಂದ ಬಂಡಿ ಮಾಡುತ್ತಾರೆ. ಸುಲಿದ ಸಿಬಿರೇ ಮೊಳೆ. ನಾನು ಆ ಆಟವನ್ನು ದೊಡ್ಡವನಾದ ಮೇಲೂ ಬಿಡದೆ ಉದಗೀರದ ಕೋಟೆ, ಹತ್ತಿ ಗಿರಣಿ ಎಲ್ಲ ಬೆಂಡಿನಲ್ಲಿ ಮಾಡಿ ಶಾಲೆಯ ಕಪಾಟಿನಲ್ಲಿಟ್ಟಿದ್ದೆ. ಹಡಗೂ ಅದರಲ್ಲೇ ಆಗಬೇಕು.

ದಂಟು ಒಣಗಿರಬೇಕು, ಆದರೆ ಹುಳ ಹೊಕ್ಕಿರಬಾರದು. ಗೆಣ್ಣು ದೂರದೂರ ಇರಬೇಕು. ಉದಗೀರದ ಸಂತೆಯಲ್ಲಿ ಸಿಕ್ಕ ಮೇವಿನ ದಂಟು ಸೊರಗಿದ್ದು, ಚಾಕು ಇಟ್ಟರೆ ಪುಡಿಯಾಗುತ್ತಿತ್ತು. ಒಳ್ಳೆಯ ದಂಟು ಬಂದದ್ದು ದಾಳಿಂಬದಿಂದ, ಸಾಡೂನ ಅಣ್ಣಂದಿರ ಹೊಲದಿಂದ. ಒಂದು ಬಂಡಿ ತುಂಬ, ಅಳೆದು ಆರಿಸಿದ ಹಾಗೆ. ಹೊಲವೂ ಅವನದೇ ಒಳ್ಳೆಯದಿರಬೇಕೆ ಎಂದು ನಾನು ಆ ಬಂಡಿಯ ಮುಂದೆ ನಿಂತು ಹೊಟ್ಟೆ ಉರಿಸಿಕೊಂಡೆ.

ಬೆಂಡನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿ, ಪಟ್ಟಿಗೆ ಪಟ್ಟಿ ಸಿಬಿರಿನಿಂದ ಚುಚ್ಚಿ ಹೊಟ್ಟೆ ಕಟ್ಟಿದೆ. ಒಳಗೆ ಟೊಳ್ಳು. ಮೇಲೆ ಹುಣಸೆಬೀಜ ಅರೆದು ಕುದಿಸಿದ ಅಂಟಿನಲ್ಲಿ ಕಾಗದ ಹಚ್ಚಿ, ಅದು ಒಣಗಿದ ಮೇಲೆ ಸುಣ್ಣಕ್ಕೆ ದೀಪದ ಮಸಿ ಬೆರೆಸಿದ ಬೂದು ಬಣ್ಣ, ನೀರು ಹೊಗದಂತೆ ಕಡೆಗೆ ಅಗಸೆ ಎಣ್ಣೆಯ ಲೇಪ. ಅಗಸೆ ಎಣ್ಣೆ ಒಣಗುವುದು ಬಹಳ ನಿಧಾನ, ಅಲ್ಲಿಯತನಕ ನನ್ನ ಮನೆಯೆಲ್ಲ ಎಣ್ಣೆಗಾಣದ ವಾಸನೆ.

ಆಕಾರ ಹೇಳಬೇಕಾದವನು ಸಾಡೂ.

"ಮ್ಯಾಲ ತೋಪು ಎಷ್ಟಿದ್ವು?" ಎಂದು ಕೇಳಿದೆ.

"ಮುಂದ ಒಂದಿಷ್ಟು, ಹಿಂದ ಒಂದಿಷ್ಟು."

"ಒಂದಿಷ್ಟು ಅಂದ್ರ?"

ಅವನು ತಲೆ ಕೆರೆದುಕೊಂಡ. "ಅಣ್ಣಾರ, ನಾ ಇದ್ದದ್ದು ಕೆಳಗ ಇಂಜಿನ್ ಖೋಲಿಯಾಗ. ತೋಪು ಹಾರಿಸ್ದಾಗ ನೆತ್ತಿ ಮ್ಯಾಲಿನ ತಗಡ ನಡಗ್ತದ, ಅಷ್ಟೇ ಗೊತ್ತು. ಎಣಸ್ಲಾಕ ಯಾರ ಬಿಡ್ತಾರ್ರಿ ಮ್ಯಾಲ?"

ಆ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮಾವನ ಅಂಗಡಿಯ ಕಟ್ಟೆಯ ಮೇಲೆ ಅವನು ಅಲೆಗಳನ್ನು ವರ್ಣಿಸಿದಾಗೆಲ್ಲ ಬಾಯಿ ತೆರೆದು ಕೇಳುತ್ತಿದ್ದ ಉಮರ್ಗಾದ ಜನಕ್ಕೆ ಇದನ್ನು ಹೇಳಬೇಕು ಎನ್ನಿಸಿತು. ಅವನ ಸಮುದ್ರ ನಮ್ಮೂರ ಬಾವಿಗಿಂತ ಕತ್ತಲೆಯದು. ಆದರೂ ಅವನ ಹತ್ತಿರ ಒಂದು ಫೋಟೋ ಇತ್ತು. ಬಿಳಿ ಟೊಪ್ಪಿಗೆಯ ನಾವಿಕರು ಹಡಗಿನ ಎದುರಿಗೆ ಸಾಲಾಗಿ ಕೂತದ್ದು. ಅದರಲ್ಲಿ ಜನರ ಹಿಂದೆ ಕಂಡಷ್ಟನ್ನು ಕನ್ನಡಕ ಒರೆಸಿ ಒರೆಸಿ ನೋಡಿ ಗುರುತುಮಾಡಿಕೊಂಡೆ. ಹಳೆಯದಕ್ಕೆ ಮುಂದೆ ಮೆಟ್ಟಿಲಿನಂತೆ ಎರಡು ಜಾಗ ತೋಪು, ಹಿಂದೆ ಒಂದು. ಪತ್ರಿಕೆಯ ಚಿತ್ರದ ಪ್ರಕಾರ ಹೊಸದಕ್ಕೆ ಮುಂದೆ ಒಂದು, ಹಿಂದೆ ಎರಡು. ಹೆಸರು ಒಂದೇ, ತೋಪುಗಳು ಮಾತ್ರ ಹಿಂದುಮುಂದು.

ಶಾಲೆಯ ನೀರಿನ ತೊಟ್ಟಿಯಾದ ಹೌದಿನಲ್ಲಿ ಬಿಟ್ಟು ನೋಡಿದರೆ ಹಳೆಯದು ತಕ್ಷಣ ಮಗುಚಿ ಹೊಟ್ಟೆ ಮೇಲೆ ಮಾಡಿತು. ಹೊಸದೂ ಹಾಗೆಯೇ.

"ಹೊಟ್ಟ್ಯಾಗ ಭಾರ ಇಲ್ರಿ ಅಣ್ಣಾರ," ಎಂದ ಸಾಡೂ. "ಜಹಾಜಕ್ಕ ಭಾರ ತಳಕ್ಕ ಇರಬೇಕು."

ಅವನು ಹೇಳಿದನೆಂಬ ಒಂದೇ ಕಾರಣಕ್ಕೆ ನಾನು ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದೆ. ತಳ ಅಗಲಿಸಿದೆ, ರೊಟ್ಟಿ ಹಂಚಿನಂತಾಯಿತು. ತೋಪು ಸಣ್ಣದು ಮಾಡಿದೆ, ಊದುಬತ್ತಿಯಂತಾದವು. ಹೊಗೆಗೊಳವೆ ಗಿಡ್ಡ ಮಾಡಿದೆ, ಆದರೂ ಮಗುಚಿತು. ಹೆಡ್ಮಾಸ್ತರರು ಬಂದು, "ಮಾಸ್ತರ್ರ, ನಮ್ಮ ನೌಕಾದಳ ಈಜ್ಲಾಕ ಹೋಗ್ಯಾದೇನು, ಅಂಗಾತ ಬಿದ್ದದ?" ಎಂದು ನಕ್ಕರು. ಕಡೆಗೆ ಹರಿದುಹೋದ ಸೈಕಲ್ ಚೈನನ್ನು ಎರಡು ತುಂಡು ಮಾಡಿ, ಎರಡರ ತಳದ ಉದ್ದಕ್ಕೂ ತೋಡು ಕೊರೆದು ಕೂರಿಸಿದೆ. ಚೈನು ಹಡಗಿನ ಬಾಗಿಗೆ ತಕ್ಕಂತೆ ತಾನೂ ಬಾಗಿ ಕೂತಿತು. ನೀರಿಗೆ ಬಿಟ್ಟರೆ ಎರಡೂ ಗಂಭೀರವಾಗಿ ನಿಂತವು. ಭಾರ ಅವನ ಮಾತು, ಚೈನು ನನ್ನ ಬುದ್ಧಿ ಎಂದು ನಾನು ಒಳಗೇ ಪಾಲು ಹಂಚಿಕೊಂಡೆ.

ಇನ್ನು ಹಳೆಯ ಹಡಗಿನ ಗತಿ. ಅದು ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳುವುದೇನಿತ್ತು? ನಮ್ಮ ಮನೆಗಳಲ್ಲಿ ಅಜ್ಜ ಇರುವ ತನಕ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲ. ಅಜ್ಜ ಲಿಂಗೈಕ್ಯರಾದ ಮೇಲೆ ಹುಟ್ಟಿದವನಿಗೆ ಆ ಹೆಸರು. ಹೆಸರು ಮತ್ತೆ ಬಂತೆಂದರೆ ಮೊದಲಿನವರು ಇಲ್ಲ. ಹೊಸ ಗೋದಾವರಿ ಬಂತೆಂಬ ಸುದ್ದಿ ಕೇಳಿದ ದಿನವೇ ಉಮರ್ಗಾದಲ್ಲಿ ಮಾವನವರು ಹಳೆಯ ಗೋದಾವರಿ ಕಣ್ಮುಚ್ಚಿತೆಂದು ತಿಳಿದು, ಗುಂಜೋಟಿಯಿಂದ ಅಯ್ಯನವರನ್ನು ಕರೆಸಿ, ಅದರ ಹೆಸರಿನಲ್ಲಿ ಊಟ ಹಾಕಿಸಿದ್ದರು. ಬಂದವರೆಲ್ಲ ಸಾಡೂನ ಕೈ ಹಿಡಿದು, "ಹೋಗ್ಲಿ ಬಿಡ್ರಿ, ಲಡಾಯ್ಯಾಗ ಹೋತು, ಪುಣ್ಯದ ಸಾವು," ಎಂದು ಸಮಾಧಾನ ಹೇಳಿದರು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ತಲೆ ತಗ್ಗಿಸಿ ಹುಗ್ಗಿ ಉಂಡ. ಒಂದು ಹಡಗು ಸತ್ತದ್ದಕ್ಕೂ ಮರ್ಯಾದೆ ಅವನಿಗೇ ಬಂತಲ್ಲ ಎಂದು ನಾನು ಎರಡನೆಯ ಸಲ ಹುಗ್ಗಿ ಬೇಡವೆಂದೆ. ಅತ್ತೆ ಒತ್ತಾಯವನ್ನೂ ಮಾಡಲಿಲ್ಲ.

ಹೀಗಾಗಿ ಹಳೆಯದನ್ನು ಮುಳುಗುವ ಹಡಗಾಗಿಯೇ ಮಾಡಿದೆ. ಮೂತಿಯ ಕೆಳಗೊಂದು ತೂತು, ತೂತಿಗೆ ಬೆಲ್ಲದ ಬಿರಡೆ. ನೀರಿನಲ್ಲಿ ಬೆಲ್ಲ ಕರಗುತ್ತ ಬಂದಂತೆ ಒಳಗೆ ನೀರು ನುಗ್ಗಿ, ಚೈನಿನ ಭಾರಕ್ಕೆ ಮೂತಿ ಕೆಳಗೆ ಹೋಗುತ್ತದೆ. ಬೆಂಡಾದ್ದರಿಂದ ಪೂರ್ತಿ ಮುಳುಗದೆ ಬಾಲ ಮೇಲೆತ್ತಿ ನಿಲ್ಲುತ್ತದೆ. ಹೌದಿನಲ್ಲಿ ಮೊದಲ ಸಲ ತೋರಿಸಿದಾಗ ಹೆಡ್ಮಾಸ್ತರರು ಎರಡೂ ಕೈಯಿಂದ ಚಪ್ಪಾಳೆ ತಟ್ಟಿ, "ವಾಹ್ವಾ! ವೀರಮರಣ!" ಎಂದರು. ನನ್ನ ಇಡೀ ಜೀವನದಲ್ಲಿ ಅಂಥ ಹೊಗಳಿಕೆ ಕೇಳಿರಲಿಲ್ಲ. ಸಾಡೂನ ಮುಖ ನೋಡೋಣವೆಂದು ತಿರುಗಿದೆ. ಅವನು ಮೈದಾನ ದಾಟಿ ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ನಾನು ಹೌದಿಗೆ ಬಂದಾಗ ಅವನು ಅಲ್ಲೇ ಕೂತಿದ್ದ. ಹಳೆಯ ಹಡಗನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹೊಟ್ಟೆಯ ನೀರನ್ನು ತನ್ನ ಧೋತರದ ಸೆರಗಿನಿಂದ ಹಿಂಡುತ್ತಿದ್ದ.

"ಅಣ್ಣಾರ, ಇದನ್ನ ಮುಳಗಸ್ಬ್ಯಾಡ್ರಿ. ಇದು ಜೀವಂತ ಅದ."

"ಏನು?"

"ಎಲ್ಲೂ ಮುಳಗಿಲ್ಲ. ಕರಾಚಿಯಾಗ ಅದ. ದೇಶ ಹಿಸ್ಸೆ ಆದಾಗ ಒಂದಿಷ್ಟು ಜಹಾಜ ಪಾಕಿಸ್ತಾನದವರಿಗಿ ಹೋದ್ವು. ನಮ್ದು ಅವರ ಪಾಲಿಗಿ ಬಂತು. ಹೆಸರ ಬದಲಿ ಮಾಡ್ಯಾರ. ಮಂದಿನೂ ಹಂಚ್ಯಾರ. ನನ್ನ ಜೋಡಿ ಬಾಯ್ಲರ್ ನೋಡ್ಕೊಂಡಿದ್ದ ಪಂಜಾಬದವ ಅಕಡಿ ಹೋದ, ನಾ ಇಕಡಿ ಬಂದೆ. ನನ್ನ ಜಹಾಜನೇ ಇಲ್ಲಂದಮ್ಯಾಲ ನಾ ಯಾಕ ಇರಬೇಕು ಅಂತ ಮನಿಗಿ ಬಂದೆ."

"ಮತ್ತ ಮಾವನವ್ರ ಊಟ?"

"ಏನ್ ಹೇಳ್ಲಿ ಅಣ್ಣಾರ? ನಾ ಸತ್ತದ ಅಂತ ಹೇಳೇ ಇಲ್ಲ. ಅವರೇ ಹೇಳಿದ್ರು, ಅವರೇ ಉಣಿಸಿದ್ರು. ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ಗಾಯ ಮಾಯ್ದಿಲ್ಲ. ಇಂಥಾ ಹೊತ್ತಿನಾಗ 'ನನ್ನ ಜಹಾಜ ಪಾಕಿಸ್ತಾನದಾಗ ಅದ' ಅಂತ ಉದಗೀರದ ಬಜಾರದಾಗ ಹ್ಯಾಂಗ ಹೇಳ್ಲಿ? ಹುಡುಗುರಿಗಿ ಲೆಫ್ಟ್ ರೈಟ್ ಹೇಳಿಕೊಡೋ ನೌಕರಿ ನಂದು. ಒಬ್ಬಂವ ಬೆರಳ ಮಾಡಿದ್ರ ಸಾಕು."

ನಾನು ಆ ಮಾತನ್ನು ಇಡೀ ದಿನ ಬಾಯಿಯಲ್ಲಿ ಬಿಸಿ ಅನ್ನದಂತೆ ಹೊರಳಿಸಿದೆ. ನುಂಗಲೂ ಆಗದು, ಉಗುಳಲೂ ಆಗದು. ಸಂಜೆಗೆ ಹೆಡ್ಮಾಸ್ತರರಿಗೆ ಹೇಳಿದೆ. ಅವರು ಮೊದಲು ಬಾಗಿಲು ಮುಚ್ಚಿದರು.

"ಮುಳಗಸ್ರಿ," ಎಂದರು.

"ಆದ್ರ ಸಾಹೇಬ್ರ, ಅದು ಮುಳಗಿಲ್ಲ."

"ಮುಳಗಿದ್ದ ಜಹಾಜದಿಂದ ಯಾರಿಗೂ ತ್ರಾಸಿಲ್ಲ ಮಾಸ್ತರ್ರ. ತೇಲೋದರಿಂದನೇ ತ್ರಾಸು. ಬೆಲ್ಲ ಜರಾ ಜಾಸ್ತಿ ತಗೊಂಡು ನಡೀರಿ."

ನಿಲಂಗಾಕ್ಕೆ ಎತ್ತಿನ ಬಂಡಿಯಲ್ಲಿ ಹೊರಟೆವು. ಬಸ್ಸಿನ ಮೇಲೆ ಹಾಕಿದರೆ ಹಡಗು ಉಳಿಯುವುದಿಲ್ಲವೆಂದು ನಾನೇ ಹಟ ಹಿಡಿದಿದ್ದೆ. ಹುಲ್ಲು ಹಾಸಿ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಎರಡು ಗೋದಾವರಿ. ದಾರಿಯುದ್ದಕ್ಕೂ ನಾನು ಚಕ್ರದ ಕೀಲು, ಮೋಡ, ಇಲಿ, ಇನ್‌ಸ್ಪೆಕ್ಟರರ ಸ್ವಭಾವ ಎಲ್ಲದರ ಚಿಂತೆ ಮಾಡಿದೆ. ಎತ್ತಿನ ಚಿಂತೆ ಒಂದೇ ಮಾಡಲಿಲ್ಲ. ನಿಲಂಗಾದ ಶಾಲೆಯ ಬೇವಿನ ನೆರಳಿನಲ್ಲಿ ಎತ್ತುಗಳನ್ನು ನೊಗದಿಂದ ಬಿಚ್ಚಿ, ನಾವೆಲ್ಲ ಹೆಡ್ಮಾಸ್ತರರೊಡನೆ ಜಾಗ ನೋಡಲು ಒಳಗೆ ಹೋದೆವು. ಬರುವಷ್ಟರಲ್ಲಿ ಎಡಗಡೆಯ ಎತ್ತು ಬಂಡಿಯೊಳಗೆ ಮೂತಿ ತೂರಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಹೊಸ ಗೋದಾವರಿಯ ಮುಂಭಾಗ ಇರಲಿಲ್ಲ. ತೋಪು ಸಮೇತ ಹೋಗಿತ್ತು.

ಅದರದೇನು ತಪ್ಪು? ಜೋಳದ ದಂಟು, ಮೇಲೆ ಅಗಸೆ ಎಣ್ಣೆ. ದನಕ್ಕೆ ಅದಕ್ಕಿಂತ ಹಬ್ಬದ ಊಟ ಉಂಟೆ? ಸಮುದ್ರ ಕಾಣದ ಜನ ಮೇವಿನಿಂದ ಯುದ್ಧನೌಕೆ ಕಟ್ಟಿ ಎತ್ತಿನ ಮುಂದೆ ಇಟ್ಟಿದ್ದೆವು. ಪಕ್ಕದ ಊರಿನ ಮಾಸ್ತರನೊಬ್ಬ ಚರಕ ಇಳಿಸುತ್ತ ನೋಡಿ, "ಅರೆ ಬಾಪ್ ರೇ, ತುಮ್ಚ್ಯಾ ಬೈಲಾನೇ ಜಹಾಜ ಖಾಲ್ಲಂ!" ಎಂದು ಮರಾಠಿಯಲ್ಲಿ ಕೂಗಿದ. ಎತ್ತು ಹಡಗು ತಿಂದ ಸುದ್ದಿ ನಿಲಂಗಾದ ತುಂಬ ನಮಗಿಂತ ಮೊದಲು ಓಡಾಡಿತು.

ಉದ್ಘಾಟನೆ ಮಧ್ಯಾಹ್ನಕ್ಕೆ. ಹೊಸ ಬೆಂಡು ಕಟ್ಟಿದರೆ ಅಂಟು ಒಣಗುವುದಿಲ್ಲ. ಬಣ್ಣ ಹಚ್ಚಿ, ಎಣ್ಣೆ ಕುಡಿದು ಪಳಗಿದ ಬೆಂಡು ಇದ್ದದ್ದು ಒಂದೇ ಕಡೆ. ಹೆಡ್ಮಾಸ್ತರರಿಗೆ ಅದು ನನಗಿಂತ ಮೊದಲು ಹೊಳೆಯಿತು.

"ಹಳೇದರ ಮೂತಿ ಕೊಯ್ದು ಹೊಸದಕ್ಕ ಕೂಡಸ್ರಿ. ಅದು ಹ್ಯಾಂಗೂ ಮೂತಿ ನೀರಾಗ ಹಾಕಿ ನಿಂದ್ರೋದು. ಯಾರಿಗಿ ಕಾಣ್ತದ?" ಎಂದು ಹೇಳಿ ಸಾಹೇಬರನ್ನು ಎದುರುಗೊಳ್ಳಲು ಹೋದರು.

ಉಪಾಯ ಚೊಕ್ಕವಾಗಿತ್ತು. ನಾನು ಹಳೆಯದನ್ನು ಮಂಡಿಯ ಮೇಲಿಟ್ಟು ಚಾಕು ತೆಗೆದೆ. ಸಾಡೂ ಎದುರಿಗೆ ಕೂತಿದ್ದ.

"ಕೊಯ್ರಿ ಅಣ್ಣಾರ, ನಡೀತದ," ಎಂದ. ಎಂದವನು ಬೇವಿನ ಗಿಡದ ಕಡೆ ಮುಖ ತಿರುಗಿಸಿದ.

ಆಗ ನನ್ನ ತಲೆಯಲ್ಲಿ ನಡೆದದ್ದನ್ನು ಧರ್ಮಸಂಕಟ ಎಂದು ಯಾರಾದರೂ ಕರೆದರೆ ನನಗೇ ನಗು ಬರುತ್ತದೆ. ಹಳೆಯದು ಮುಳುಗಿದರೆ ಇವನು ವೀರಮರಣ ಹೊಂದಿದ ಹಡಗಿನ ವೀರ, ಉದಗೀರದ ನೌಕರಿ ಇವನದು. ಹಳೆಯದು ತೇಲಿದರೆ ಇವನು ಪಾಕಿಸ್ತಾನಕ್ಕೆ ಹೋದ ಹಡಗಿನವನು, ನೌಕರಿ ನನ್ನದು. ನಿಜ ಹೇಳಿದರೆ ನನಗಾಗುವಷ್ಟು ಲಾಭ ಆ ಇಡೀ ಮೈದಾನದಲ್ಲಿ ಇನ್ನೊಬ್ಬರಿಗಿರಲಿಲ್ಲ. ಅದಕ್ಕೇ ನಿಜದ ಮೇಲೆ ನನಗೇ ಗುಮಾನಿ. ಚಾಕು ಮೂತಿಗೆ ತಾಗಿಸಿದೆ. ಮೆಟ್ಟಿಲಿನಂತೆ ಎರಡು ಸಾಲು ತೋಪು, ಆ ಫೋಟೋ ಕಣ್ಣಿಗೆ ಹತ್ತಿರ ಹಿಡಿದು ಹಿಡಿದು ಕೂರಿಸಿದ್ದು. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಹಿಂದೆ ಆಗಿರಲಿಲ್ಲ, ಮುಂದೆ ಆಗುವ ಭರವಸೆಯೂ ಇರಲಿಲ್ಲ.

"ಕೊಯ್ಯಂಗಿಲ್ಲ," ಎಂದೆ.

"ಮತ್ತ?"

"ಎರಡೂ ಹ್ಯಾಂಗವ ಹಂಗ ನೀರಿಗಿ ಬಿಡೋದು. ಹಳೇದು ಎಲ್ಲಿ ಅದ ಅಂತನೂ ಹೇಳೋದು."

ಅವನು ನನ್ನ ಕಡೆ ತಿರುಗಿದ. "ನನ್ನ ನೌಕರಿ ಅಣ್ಣಾರ."

"ಗೊತ್ತದ."

"ನಿಮಗ ಛಲೋನೇ ಆಗ್ತದ."

"ಅದೂ ಗೊತ್ತದ."

ಅವನು ನನ್ನ ಕೈಯಿಂದ ಚಾಕು ತೆಗೆದು ಬಂಡಿಯೊಳಗೆ ಇಟ್ಟ. ಆಮೇಲೆ ಅವನು ಜೋರಾಗಿ ನಕ್ಕುಬಿಟ್ಟ. "ಖರೇ ಹೇಳ್ತೀರಿ ನೋಡ್ರಿ, ಹೊಟ್ಟಿಕಿಚ್ಚಿನಾಗೂ ಖರೇ. ಹಂಗಾರ ನಾನೇ ಹೇಳ್ತೀನಿ. ನೀವು ಬಾಯಿ ತೆಗೀಬ್ಯಾಡ್ರಿ. ನೀವು ಹೇಳಿದ್ರ ಸಾವಿನ ಮನಿ ಸುದ್ದಿ ಹೇಳ್ದಂಗ ಇರ್ತದ."

ಬೆಲ್ಲದ ಬದಲು ಮೇಣ ಕಾಸಿ ತೂತು ಮುಚ್ಚಿದೆ. ಆಲೆಮನೆಯಿಂದ ತಂದ ದೊಡ್ಡ ಕೊಪ್ಪರಿಗೆಗೆ ನೀರು ತುಂಬಿ, ಬಟ್ಟೆಗೆ ಹಾಕುವ ನೀಲಿ ಕಲೆಸಿದೆವು. ಹಳೆಯದು ನಡುವೆ ನಿಂತಿತು. ಮೂತಿ ಹೋದ ಹೊಸದನ್ನು ಅವನು ಅಂಚಿಗೆ ಒರಗಿಸಿ, ಸುತ್ತ ಸಿಬಿರಿನ ಕಂಬ ನೆಟ್ಟ. "ಬಂದರದಾಗ ರಿಪೇರಿಗಿ ನಿಂತದ ಅಂತ ಹೇಳಿದ್ರಾತು. ಜಹಾಜದ ಅರ್ಧಾ ಆಯುಷ್ಯ ಅಲ್ಲೇ ಹೋಗ್ತದ," ಎಂದ.

ಎತ್ತು ತಿಂದ ಹಡಗು ನೋಡಲು ಚರಕದವರೂ ಬಂದಿದ್ದರು. ಸಾಡೂ ಕಾಲು ಅಗಲಿಸಿ ನಿಂತು ಶುರುಮಾಡಿದ. ಇನ್‌ಸ್ಪೆಕ್ಟರ್ ಸಾಹೇಬರು ಮುಂದಿನ ಸಾಲಿನಲ್ಲಿ. ಅವರ ಹಿಂದೆ ಹೆಡ್ಮಾಸ್ತರರು, ತೇಲುತ್ತಿದ್ದ ಹಳೆಯ ಹಡಗನ್ನು ಕಂಡು ಮುಖವೆಲ್ಲ ಸುಣ್ಣ.

"ಇದು ಮೊದಲ್ನೇ ಗೋದಾವರಿ. ಲಡಾಯಿ ಕಾಲದಾಗ ಮಾಲಿನ ಜಹಾಜಗಳಿಗಿ ಕಾವಲ ಹೋಗ್ತಿತ್ತು. ನಾ ಇದರ ಹೊಟ್ಟ್ಯಾಗ ಇದ್ದೆ. ಸಮುದ್ರ ನೋಡಿದ್ದು ಕಮ್ಮಿ, ಬೆವರ ಸುರಿಸಿದ್ದು ಜಾಸ್ತಿ. ಇದು ಮುಳಗ್ಯಾದ ಅಂತ ನಮ್ಮ ಕಡಿ ಮಂದಿ ಊಟಾನೂ ಹಾಕ್ಸಿದ್ರು. ನಾನೂ ಉಂಡೀನಿ. ಆದ್ರ ಮುಳಗಿಲ್ರಿ. ಹಿಸ್ಸೆ ಆದಾಗ ಪಾಕಿಸ್ತಾನಕ್ಕ ಹೋತು. ಅಲ್ಲಿ ಅದಕ್ಕ ಬ್ಯಾರೆ ಹೆಸರ ಅದ. ಇಲ್ಲಿ ಬರಿದಾದ ಹೆಸರ ಈ ಎರಡ್ನೇದಕ್ಕ ಇಟ್ಟಾರ. ಇದೂ ಹುಟ್ಟಾ ಗೋದಾವರಿ ಅಲ್ಲ. ಇಂಗ್ಲಿಷರ ಕಡಿ ಇದ್ದಾಗ ಇದಕ್ಕೂ ಬ್ಯಾರೆ ಹೆಸರಿತ್ತು."

ಪಾಕಿಸ್ತಾನ ಎಂಬ ಮಾತಿಗೆ ಜನರಲ್ಲಿ ಗುಜುಗುಜು ಎದ್ದಿತು. ಈಗ ಕಲ್ಲು ಬೀಳುತ್ತದೆ, ಬಿದ್ದರೆ ನನ್ನ ಹಡಗಿನ ಮೇಲೆ ಬೀಳುತ್ತದೆ ಎಂದು ನಾನು ಕೊಪ್ಪರಿಗೆಗೆ ಅಡ್ಡ ನಿಂತೆ. ಕಲ್ಲು ಬೀಳಲಿಲ್ಲ. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಕಪ್ಪು ಬುರಖಾದ ಮುಸುಕು ಮೇಲೆತ್ತಿದ್ದಳು. ಆಕೆಯ ಮಗ ಪೊಲೀಸ್ ಆ್ಯಕ್ಷನ್ನಿನ ಗಲಾಟೆಯ ದಿನಗಳಲ್ಲಿ ಕರಾಚಿಗೆ ಹೋದವನು ಎಂದು ನನ್ನ ಪಕ್ಕದವನು ಪಿಸುಗುಟ್ಟಿದ.

"ಹೆಸರ ಬದಲಿ ಮಾಡ್ಯಾರ ಅಂತಿ. ಬಣ್ಣನೂ ಬದಲಿ ಮಾಡಿರ್ತಾರ," ಎಂದಳು ಆಕೆ. "ನಾಳಿ ಎಲ್ಲ್ಯಾರ ಎದುರಿಗಿ ಬಂದ್ರ, ಗುರ್ತ ಹಿಡೀತಿಯೇನ್ ಬೇಟಾ?"

"ಕಣ್ಣಿಲೆ ಹಿಡೀತೀನೋ ಇಲ್ಲೋ ಗೊತ್ತಿಲ್ಲ ಅಮ್ಮಾ," ಎಂದ ಸಾಡೂ. "ಆದ್ರ ಅದರ ಇಂಜಿನ್ ದನಿ ನನಗ ಗೊತ್ತದ. ಒಂದು ಕಡಿ ಜರಾ ಕೆಮ್ಮತಿತ್ತು. ಎಷ್ಟ ಎಣ್ಣಿ ಹಾಕಿದ್ರೂ ಕೆಮ್ಮತಿತ್ತು. ಕತ್ತಲದಾಗ ಬಂದ್ರೂ ಹಿಡೀತೀನಿ."

ಮುದುಕಿ ಕೈಯನ್ನು ನೀಲಿ ನೀರಿಗೆ ಅದ್ದಿ, ಹಳೆಯ ಹಡಗನ್ನು ಒಂದು ಬೆರಳಿನಿಂದ ಮುಟ್ಟಿದಳು. ಅದು ಮೆಲ್ಲಗೆ ಸರಿಯಿತು. ಮುಟ್ಟಬಾರದೆಂದು ಗದರಿಸಲು ನನ್ನ ಕೈಯಲ್ಲೊಂದು ಕೋಲಿತ್ತು, ಅದನ್ನು ಬೆನ್ನ ಹಿಂದೆ ಹಿಡಿದೆ. ಸುತ್ತಲಿನವರ ಕಣ್ಣೆಲ್ಲ ಸಾಡೂನ ಮೇಲಿತ್ತು. ಕೆಲವರ ಕಣ್ಣು ಒದ್ದೆ. ನಾನು ಕಟ್ಟಿದ ಹಡಗು, ನಾನು ತೂತು ಮುಚ್ಚಿದ್ದು, ತೇಲಿಸುವ ನಿರ್ಧಾರ ನನ್ನದು. ಅದರಿಂದ ಇವನು ಕೆಳಗಿಳಿಯಬೇಕಿತ್ತು. ಇಳಿಯುವ ಬದಲು ಇನ್ನೊಂದು ಮೆಟ್ಟಿಲು ಹತ್ತಿ ನಿಂತಿದ್ದ.

ಇನ್‌ಸ್ಪೆಕ್ಟರ್ ಸಾಹೇಬರು ಅವನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, "ಇದು ಯಾವುದರಲ್ಲಿ ಮಾಡಿದ್ದು?" ಎಂದರು. ದಂಟು, ಸಿಬಿರು, ಹುಣಸೆಬೀಜ, ಚೈನು ಎಂದು ನಾನು ತೊದಲುತ್ತ ಹೇಳಿದೆ. "ಮೊಳೆ ಒಂದೂ ಇಲ್ಲವೆ?" ಎಂದರು. ಇಲ್ಲ ಎಂದೆ. ತಲೆಯಾಡಿಸಿ ಚರಕದ ಕಡೆ ನಡೆದರು.

ಬೇಸಿಗೆ ರಜೆಯ ಮೊದಲು ಆದೇಶ ಬಂತು. ಉದಗೀರದ ಶಾಲೆಗೆ ಚಿತ್ರ, ಕೈಕಸಬು ಮತ್ತು ಕವಾಯತಿನ ಮಾಸ್ತರನಾಗಿ ನಾನು ಕಾಯಂ. ಬೆಂಡಿನ ಕೆಲಸ ನೋಡಿ ಕೊಟ್ಟರೋ, ಪಾಕಿಸ್ತಾನದ ಮಾತು ಕೇಳಿ ಅವನನ್ನು ಬಿಟ್ಟರೋ ಅದರಲ್ಲಿ ಬರೆದಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಊಟದ ನಡುವೆ ಒಮ್ಮೊಮ್ಮೆ ಅದೇ ಪ್ರಶ್ನೆ ಗಂಟಲಿಗೆ ಬರುತ್ತದೆ. ಅವತ್ತು ಹೆಂಡತಿ ಸಿಹಿ ಮಾಡಿ, ಅರ್ಧ ಡಬ್ಬಿಗೆ ಹಾಕಿ ತಂಗಿಯ ಮನೆಗೆ ಕಳಿಸಿ, ಬಂದು ಅತ್ತಳು.

ಸಾಡೂ ಮುಂಬೈಗೆ ಹೊರಟ. ಬಂದರಿನಲ್ಲಿ ಹಡಗಿನ ಬಾಯ್ಲರ್ ರಿಪೇರಿಯ ಕೆಲಸ ಹಳೆಯ ಗೆಳೆಯನೊಬ್ಬ ಗೊತ್ತುಮಾಡಿದ್ದ. ಹೊರಡುವ ಮೊದಲು ನಮ್ಮ ಅಂಗಳಕ್ಕೆ ಬಂದು, ನನಗೆ ಕವಾಯತು ಕಲಿಸಿಕೊಟ್ಟ.

"ಎದಿ ಮುಂದ ಅಣ್ಣಾರ. ಹೊಟ್ಟಿ ಒಳಗ. ಅದು ಎದಿ ಅಲ್ರಿ, ಅದು ಕೆಮ್ಮು. ನೆಲ ನೋಡ್ಬ್ಯಾಡ್ರಿ, ರೊಕ್ಕ ಬಿದ್ದಿಲ್ಲ."

ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ನಾನು ಆಕೆಯನ್ನು ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೊದಲ ಕವಾಯತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಲಿತ ಮಾತನ್ನೆಲ್ಲ ಕೂಗಿದೆ. ಸಾಲು ಸೊಟ್ಟಗೇ ಇತ್ತು. ಒಬ್ಬ ತುರಿಸಿಕೊಳ್ಳುತ್ತಿದ್ದ, ಇಬ್ಬರು ಗುದ್ದಾಡುತ್ತಿದ್ದರು. ಇನ್ನೊಮ್ಮೆ ಕೂಗಿದೆ. ಆಗ ಒಮ್ಮೆಗೇ ಇಡೀ ಸಾಲು ಸೆಟೆದು ನಿಂತಿತು. ಎದೆ ಮುಂದೆ, ಗದ್ದ ಮೇಲೆ, ಕೈ ಪಕ್ಕಕ್ಕೆ, ಒಬ್ಬನ ರೆಪ್ಪೆಯೂ ಮಿಟುಕಲಿಲ್ಲ. ಕೊನೆಗೂ ನನ್ನ ಗಂಟಲಿಗೊಂದು ಗತ್ತು ಬಂತೆಂದು ನಾನು ಸೀಟಿ ತುಟಿಗಿಟ್ಟು, ಅವರ ಕಣ್ಣು ನನ್ನ ಹೆಗಲಾಚೆ ಹೋದದ್ದನ್ನು ಕಂಡು ತಿರುಗಿದೆ. ಗೇಟಿನ ಹೊರಗೆ ರಸ್ತೆಯಲ್ಲಿ, ತಲೆಯ ಮೇಲೆ ಟ್ರಂಕು ಹೊತ್ತು, ಸಾಡೂ ಸ್ಟೇಷನ್ನಿನ ಕಡೆ ಹೋಗುತ್ತಿದ್ದ. ನಮ್ಮ ಕಡೆ ನೋಡಲೂ ಇಲ್ಲ. ಅವನು ಮೂಲೆ ತಿರುಗುವ ತನಕ ಮಕ್ಕಳು ಹಾಗೆಯೇ ನಿಂತಿದ್ದರು. ನಾನೂ ನಿಂತಿದ್ದೆ, ಹೊಟ್ಟೆ ಒಳಗೆಳೆದುಕೊಂಡು.